3 ಲಕ್ಷ ಕಿಲೋಮೀಟರ್ ದಾಟಿದ ವ್ಯಾಗನ್ನಿಗೆ ತಕ್ಕ ಬೆಲೆ

ಚೆನ್ನಾಗಿ ನೋಡಿಕೊಂಡ, ತುಂಬಾ ಓಡಿದ ಗಾಡಿಯನ್ನು ಮಾರಾಟಕ್ಕಿಟ್ಟರೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಓಡಿದೆ? 3 ಲಕ್ಷ ಕಿಲೋಮೀಟರ್ ಎಂದ ಕೂಡಲೇ ಬಹಳಷ್ಟು ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು, ಕ್ಲಚ್ ಎಷ್ಟನೆಯದು, ಗೇರ್ ಬಾಕ್ಸಿಗೆ ಯಾವ ಆಯಿಲ್ ಹಾಕಿದೆ ಎಂದು ಕೇಳುವ ಹಂತಕ್ಕೆ ಯಾರೂ ಬರುವುದೇ ಇಲ್ಲ. ಅದೇ ಮಾದರಿಯ, ಅರ್ಧದಷ್ಟು ಓಡಿದ, ಒಂದು ಬಿಲ್ಲೂ ಇಲ್ಲದ ಇನ್ನೊಂದು ಗಾಡಿ ಸಿಕ್ಕರೆ ಜನ ಅತ್ತ ಹೋಗುತ್ತಾರೆ. ಹತ್ತು ಹದಿನೈದು ವರ್ಷ ಒಂದು ಸರ್ವಿಸ್ ಕೂಡ ತಪ್ಪಿಸದೆ ಗಾಡಿ ಸಾಕಿದವರಿಗೆ ಇದು ನೋವಾಗುವ ವಿಷಯ. ಆದರೆ ಇದರಲ್ಲಿ ಕೊಳ್ಳುವವರ ತಪ್ಪು ಕಡಿಮೆ. ಅವರ ಕೈಗೆ ಸಿಕ್ಕಿದ ಮಾಹಿತಿ ಆ ಸಂಖ್ಯೆ ಒಂದೇ ಆಗಿದ್ದರೆ ಅವರು ಅದರ ಮೇಲೆಯೇ ತೀರ್ಮಾನಿಸಬೇಕಲ್ಲವೇ. ಮೀಟರ್ ಹೇಳುವುದು ಗಾಡಿ ಹಿಂದೆ ಕ್ರಮಿಸಿದ ದೂರವನ್ನು. ಕೊಳ್ಳುವವರಿಗೆ ತಿಳಿಯಬೇಕಾದದ್ದು ಮುಂದಿನ 50,000 ಕಿಲೋಮೀಟರಿನಲ್ಲಿ ಏನೇನು ಖರ್ಚು ಬರುತ್ತದೆ ಎಂಬುದನ್ನು. ಮೊದಲನೆಯದನ್ನು ಎರಡನೆಯದಾಗಿ ಬಿಡಿಸಿ ತೋರಿಸುವ ಕೆಲಸ ಮಾರುವವರದು, ಮತ್ತು ಇಂಥ ಗಾಡಿಗೆ ಸಿಗುವ ಬೆಲೆ ಆ ಕೆಲಸದ ಮೇಲೆಯೇ ನಿಂತಿದೆ.

ಅದರಲ್ಲೂ ಮ್ಯಾನ್ಯುಯಲ್ ಗೇರಿನ ಸ್ಟೇಷನ್ ವ್ಯಾಗನ್, ಅಂದರೆ ಚಾವಣಿ ಹಿಂದಿನ ತನಕ ಚಾಚಿ ಸರಕಿಗೆ ಜಾಗ ಕೊಡುವ ಉದ್ದನೆಯ ಕಾರು, ಎಂದರೆ ವಿಶೇಷ ಸ್ಥಿತಿ. ಬೇಕು ಎನ್ನುವವರು ಕಡಿಮೆ, ಆದರೆ ಬೇಕು ಎನ್ನುವವರಿಗೆ ಬೇರೆ ಯಾವುದೂ ಬೇಡ. ಎತ್ತರದ ಎಸ್‌ಯುವಿಗಳು ಬಂದ ಮೇಲೆ ವ್ಯಾಗನ್ ತಯಾರಿಕೆಯೇ ಇಳಿಯಿತು. ಉಳಿದ ವ್ಯಾಗನ್‌ಗಳಲ್ಲೂ ಕ್ಲಚ್ ಪೆಡಲ್ ಮಾಯವಾಗುತ್ತಾ ಬಂತು. ಅಮೆರಿಕದಲ್ಲಿ ಸುಬಾರು ಔಟ್‌ಬ್ಯಾಕ್ 2014ರ ಮಾದರಿಯ ನಂತರ ಮ್ಯಾನ್ಯುಯಲ್ಲಿನಲ್ಲಿ ಸಿಗಲಿಲ್ಲ, ಫೋಕ್ಸ್‌ವ್ಯಾಗನ್ ಗಾಲ್ಫ್ ವ್ಯಾಗನ್ 2019ರ ಮಾದರಿಗೆ ಮುಗಿಯಿತು. ಹಾಗಾಗಿ ಈ ಜೋಡಣೆಯನ್ನೇ ಹುಡುಕುವವರಿಗೆ ಹೊಸ ಗಾಡಿ ಎಂಬ ಆಯ್ಕೆ ಹೆಚ್ಚಿನ ಕಡೆ ಇಲ್ಲ. ಅವರು ಹಳೆಯದನ್ನೇ ಕೊಳ್ಳಬೇಕು, ಹಳೆಯದು ಎಂದರೆ ಓಡಿದ್ದು ಎಂದು ಅವರಿಗೆ ಗೊತ್ತಿದೆ. ನಿಮ್ಮ ಜಾಹೀರಾತು ಬರೆಯಬೇಕಾದದ್ದು ಇವರಿಗೆ.

ಕಿಲೋಮೀಟರ್ ಮತ್ತು ಗಂಟೆ

ಒಂದು ಸರಳ ಲೆಕ್ಕ ಹಾಕೋಣ. ಒಂದು ಗಾಡಿ ಹೆದ್ದಾರಿಯಲ್ಲೇ ಓಡಿ, ಸರಾಸರಿ ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿ 3 ಲಕ್ಷ ಮುಟ್ಟಿದ್ದರೆ ಅದರ ಎಂಜಿನ್ ತಿರುಗಿದ್ದು 4,000 ಗಂಟೆ. ಇನ್ನೊಂದು ಗಾಡಿ ಪಟ್ಟಣದ ದಟ್ಟಣೆಯಲ್ಲಿ ಗಂಟೆಗೆ 25ರ ಸರಾಸರಿಯಲ್ಲಿ 1,50,000 ಮುಟ್ಟಿದ್ದರೆ ಅದರ ಎಂಜಿನ್ ತಿರುಗಿದ್ದು 6,000 ಗಂಟೆ. ಅರ್ಧ ದೂರ, ಒಂದೂವರೆ ಪಟ್ಟು ದುಡಿಮೆ. ಅದರ ಜೊತೆಗೆ ತಣ್ಣಗಿರುವ ಎಂಜಿನ್ನನ್ನು ಎಬ್ಬಿಸಿದ ಸಲಗಳು, ಕ್ಲಚ್ ತುಳಿದ ಸಲಗಳು, ಬ್ರೇಕ್ ಹಿಡಿದ ಸಲಗಳು ಎಲ್ಲವೂ ಎರಡನೆಯದರಲ್ಲಿ ಹೆಚ್ಚು. ಎಂಜಿನ್ ಹೆಚ್ಚು ಸವೆಯುವುದು ತಣ್ಣಗೆ ಶುರುವಾಗಿ ಬಿಸಿಯಾಗುವ ತನಕದ ಹೊತ್ತಿನಲ್ಲಿ. ಕಿರು ಓಡಾಟದಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವ ಮುಂಚೆಯೇ ಗಾಡಿ ನಿಂತುಬಿಡುತ್ತದೆ. ಇಂಧನದ ಅಂಶ ಮತ್ತು ನೀರಿನ ತೇವ ಆಯಿಲಿನಲ್ಲೇ ಉಳಿಯುತ್ತವೆ. ಸೈಲೆನ್ಸರ್ ಒಳಗಿನಿಂದ ಕೊಳೆಯುವುದೂ ಇದೇ ತೇವದಿಂದ. ನಿಮ್ಮ ಗಾಡಿ ಹೆದ್ದಾರಿಯಲ್ಲಿ ಓಡಿದ್ದೇ ಆದರೆ ಅದನ್ನು ಬರೀ ಬಾಯಲ್ಲಿ ಹೇಳಬೇಡಿ. ಬಿಲ್ಲುಗಳಲ್ಲಿರುವ ದಿನಾಂಕ ಮತ್ತು ಕಿಲೋಮೀಟರನ್ನು ಸಾಲಾಗಿ ಬರೆದರೆ ವರ್ಷಕ್ಕೆ 25,000–30,000 ಏಕಪ್ರಕಾರವಾಗಿ ಏರಿದ್ದು ತಾನಾಗಿ ಕಾಣುತ್ತದೆ. ಕೆಲವು ಗಾಡಿಗಳ ಎಂಜಿನ್ ಕಂಪ್ಯೂಟರ್ ಒಟ್ಟು ಗಂಟೆಗಳನ್ನೂ ಇಟ್ಟುಕೊಂಡಿರುತ್ತದೆ; ಅದನ್ನು ಓದುವ ಸ್ಕ್ಯಾನರ್ ಉಪಕರಣದಲ್ಲಿ ಸಿಕ್ಕರೆ ಆ ಸಂಖ್ಯೆಯನ್ನೂ ಬರೆಯಿರಿ.

ದೂರವೊಂದೇ ಗಾಡಿಯನ್ನು ಕೊಲ್ಲುವುದಿಲ್ಲ ಎನ್ನುವುದಕ್ಕೆ ಇರ್ವ್ ಗಾರ್ಡನ್ ಎಂಬ ಅಮೆರಿಕದ ಶಾಲಾ ಶಿಕ್ಷಕರ ವೋಲ್ವೊ ಪಿ1800 ದೊಡ್ಡ ಸಾಕ್ಷಿ. 1966ರಲ್ಲಿ ಕೊಂಡ ಆ ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ದಾಟಿತು. ಅದು ವ್ಯಾಗನ್ ಅಲ್ಲ, ಎರಡು ಬಾಗಿಲಿನ ಕೂಪೆ. ಆದರೂ ಕಾಲಕಾಲಕ್ಕೆ ಸರ್ವಿಸ್ ಮಾಡಿದ ಸಾಧಾರಣ ಮ್ಯಾನ್ಯುಯಲ್ ಗಾಡಿ ಎಷ್ಟು ದೂರ ಹೋಗಬಲ್ಲದು ಎಂದು ತೋರಿಸಿತು.

ಮೀಟರಿನ ಬಗ್ಗೆ ಇನ್ನೊಂದು ಮಾತು. ವೋಲ್ವೊ 240ರಂಥ ಹಳೆಯ ಗಾಡಿಗಳಲ್ಲಿ ಮೀಟರಿನೊಳಗಿನ ಚಿಕ್ಕ ಪ್ಲಾಸ್ಟಿಕ್ ಹಲ್ಲುಚಕ್ರ ಪುಡಿಯಾಗಿ, ವೇಗದ ಮುಳ್ಳು ಸರಿಯಾಗಿ ಆಡುತ್ತಿದ್ದರೂ ದೂರದ ಎಣಿಕೆ ನಿಂತುಹೋಗುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ನಿಮ್ಮ ಗಾಡಿಯಲ್ಲಿ ಹಾಗೆ ಆಗಿದ್ದರೆ ಎಷ್ಟು ಕಾಲ ನಿಂತಿತ್ತು, ಯಾವಾಗ ಸರಿಮಾಡಿಸಿದ್ದು ಎಂದು ಜಾಹೀರಾತಿನಲ್ಲೇ ಬರೆಯಬೇಕು. ಡಿಜಿಟಲ್ ಮೀಟರ್ ಬದಲಿಸಿದ್ದರೂ ಅಷ್ಟೇ. ಹಲವು ಗಾಡಿಗಳಲ್ಲಿ ಕಿಲೋಮೀಟರ್ ಒಂದಕ್ಕಿಂತ ಹೆಚ್ಚು ಕಂಟ್ರೋಲ್ ಯೂನಿಟ್ಟುಗಳಲ್ಲಿ (ಗಾಡಿಯೊಳಗಿನ ಚಿಕ್ಕ ಕಂಪ್ಯೂಟರುಗಳಲ್ಲಿ) ದಾಖಲಾಗಿರುತ್ತದೆ; ಹೊಂದಾಣಿಕೆಯಿಲ್ಲದ್ದು ಸ್ಕ್ಯಾನರಿಗೆ ಸಿಕ್ಕಿದ ಮೇಲೆ ನೀವು ಹೇಳುವ ವಿವರಣೆ ಎಷ್ಟೇ ನಿಜವಾಗಿದ್ದರೂ ತಡವಾಗಿರುತ್ತದೆ.

ಕ್ಲಚ್ ಮತ್ತು ಗೇರ್ ಬಾಕ್ಸ್

ಆಟೊಮ್ಯಾಟಿಕ್ ಗಾಡಿ ಕೊಳ್ಳುವವರು ಗೇರ್ ಬಾಕ್ಸಿನ ಬಗ್ಗೆ ಹೆದರುತ್ತಾರೆ, ಮ್ಯಾನ್ಯುಯಲ್ ಕೊಳ್ಳುವವರು ಕ್ಲಚ್ಚಿನ ಬಗ್ಗೆ ಕೇಳುತ್ತಾರೆ. ಕ್ಲಚ್ಚಿಗೆ ಇಷ್ಟೇ ಆಯುಸ್ಸು ಎಂದು ಯಾರೂ ಹೇಳಲಾರರು. ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸುವ ಚಾಲಕನ ಕೈಯಲ್ಲಿ 60,000 ಕಿಲೋಮೀಟರಿಗೆ ಮುಗಿಯುವ ಕ್ಲಚ್ ಪ್ಲೇಟ್, ಹೆದ್ದಾರಿಯ ಗಾಡಿಯಲ್ಲಿ 2,50,000 ದಾಟಿಯೂ ಇರುತ್ತದೆ. ಆದ್ದರಿಂದ ಪರೀಕ್ಷೆ ಮಾಡಿ ತಿಳಿಯಬೇಕು. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 50ರ ಆಸುಪಾಸಿನಲ್ಲಿ ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ವೇಗದ ಜೊತೆಜೊತೆಗೆ ನಿಧಾನವಾಗಿ ಏರಿದರೆ ಪ್ಲೇಟ್ ಹಿಡಿಯುತ್ತಿದೆ. ವೇಗ ಏರದೆ ಮುಳ್ಳು ಮಾತ್ರ ಜಿಗಿದರೆ ಜಾರುತ್ತಿದೆ. ಎರಡನೆಯದು ಶಬ್ದದ ಪರೀಕ್ಷೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿದರೆ ಬರುವ ಕಿರುಗುಟ್ಟುವಿಕೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಇರುವ, ಒತ್ತಿದ ಕೂಡಲೇ ಅಡಗುವ ಗುಂಯ್‌ಗುಡುವಿಕೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಖರ್ಚಿನ ಅಂದಾಜೇ ತಪ್ಪುತ್ತದೆ. ಮೊದಲನೆಯದು ಕ್ಲಚ್ ಸೆಟ್ಟಿನ ಜೊತೆಗೇ ಬರುವ ಭಾಗ, ಎರಡನೆಯದಕ್ಕೆ ಗೇರ್ ಬಾಕ್ಸನ್ನೇ ಬಿಚ್ಚಬೇಕು.

ಡೀಸೆಲ್ ವ್ಯಾಗನ್‌ಗಳಲ್ಲಿ, ಇತ್ತೀಚಿನ ಅನೇಕ ಪೆಟ್ರೋಲ್ ವ್ಯಾಗನ್‌ಗಳಲ್ಲೂ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ತಟ್ಟೆಗಳ ನಡುವೆ ಸ್ಪ್ರಿಂಗ್ ಇಟ್ಟು ಎಂಜಿನ್ನಿನ ನಡುಕವನ್ನು ಗೇರ್ ಬಾಕ್ಸಿಗೆ ತಲುಪದಂತೆ ತಡೆಯುವ ಭಾಗ ಇದು. ಸ್ಪ್ರಿಂಗ್ ಸವೆದರೆ ಎಂಜಿನ್ ಸುಮ್ಮನೆ ಓಡುವಾಗ ಕೆಳಗಿನಿಂದ ಗಲಗಲ ಶಬ್ದ, ಆರಿಸುವಾಗ ಒಂದು ಹೊಡೆತ. ಕ್ಲಚ್ ಸೆಟ್ಟಿಗಿಂತ ಇದೇ ದುಬಾರಿ. ಕ್ಲಚ್ ಬದಲಿಸಿದ ಬಿಲ್ ಇದ್ದರೆ ಅದರಲ್ಲಿ ಫ್ಲೈವೀಲ್ ಇದೆಯೇ, ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಇದೆಯೇ ಎಂದು ನೋಡಿ, ಇದ್ದರೆ ಹೆಸರಿಸಿ ಬರೆಯಿರಿ. ಗೇರ್ ಬಾಕ್ಸ್ ಕೆಳಗಿಳಿದಾಗ ಸೀಲಿಗೆ ತಗಲುವ ಕೂಲಿ ಅತ್ಯಲ್ಪ. ಆಗ ಬಿಟ್ಟು ಆಮೇಲೆ ಸೋರಿದರೆ ಇಡೀ ಕೂಲಿ ಮತ್ತೊಮ್ಮೆ. ತಿಳಿದ ಕೊಳ್ಳುವವರು ಈ ಒಂದು ಸಾಲನ್ನು ಓದಿಯೇ ಗಾಡಿ ಯಾರ ಕೈಯಲ್ಲಿತ್ತು ಎಂದು ಅಳೆಯುತ್ತಾರೆ.

ಗೇರ್ ಬಾಕ್ಸಿನೊಳಗೆ ಸಾಮಾನ್ಯವಾಗಿ ಮೊದಲು ಸೋಲುವುದು ಎರಡನೇ ಗೇರಿನ ಸಿಂಕ್ರೊನೈಜರ್, ಅಂದರೆ ಗೇರ್ ಸೇರುವ ಮುಂಚೆ ಎರಡು ಭಾಗಗಳ ವೇಗವನ್ನು ಸಮ ಮಾಡುವ ಭಾಗ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಮೊದಲನೆಯದರಿಂದ ಎರಡಕ್ಕೆ, ಮೂರರಿಂದ ಎರಡಕ್ಕೆ ಹಾಕುವಾಗ ಕರಕರ ಎಂದರೆ ಅದರ ಹಿತ್ತಾಳೆಯ ಉಂಗುರ ಸವೆದಿದೆ ಅಥವಾ ಆಯಿಲ್ ಸರಿಯಿಲ್ಲ. ಗೇರ್ ಆಯಿಲನ್ನು 'ಜೀವಮಾನವಿಡೀ ಬದಲಿಸುವುದು ಬೇಡ' ಎಂದು ಬಿಟ್ಟಿರುವ ಗಾಡಿಗಳೇ ಹೆಚ್ಚು. ನನ್ನ ತೀರ್ಮಾನದಲ್ಲಿ ತುಂಬಾ ಓಡಿದ ಗಾಡಿಯನ್ನು ಮಾರುವ ಮುಂಚೆ ಮಾಡಿಸಬಹುದಾದ ಅತ್ಯಂತ ಫಲದಾಯಕ ಕೆಲಸ ಅದನ್ನು ಬದಲಿಸುವುದೇ. ಬೇಕಾಗುವುದು ಬಹುತೇಕ ಗಾಡಿಗಳಲ್ಲಿ 2ರಿಂದ 3 ಲೀಟರ್. ಕ್ರಮವೊಂದನ್ನು ನೆನಪಿಡಬೇಕು: ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನ ಖಾಲಿ ಮಾಡುವ ಬೋಲ್ಟ್. ಕೆಳಗಿನದನ್ನು ಮೊದಲು ಬಿಚ್ಚಿ, ತುಕ್ಕು ಹಿಡಿದ ಮೇಲಿನದು ಬಿಚ್ಚದೆ ಹೋದರೆ ಆಯಿಲಿಲ್ಲದ ಗಾಡಿ ಇದ್ದಲ್ಲೇ ಕೂರುತ್ತದೆ. ಆಯಿಲಿನ ಜಾತಿಯೂ ಮುಖ್ಯ. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್ ಬಾಕ್ಸಿಗೆ ಜಿಎಲ್-5 ದರ್ಜೆಯದನ್ನು ಹಾಕಿದರೆ ಅದರಲ್ಲಿ ಹೆಚ್ಚಿರುವ ಗಂಧಕ–ರಂಜಕದ ಸೇರ್ಪಡೆಗಳು ಹಿತ್ತಾಳೆಯ ಉಂಗುರಗಳಿಗೆ ಹೊಂದದೆ ಹೋಗಬಹುದು. ಉಂಗುರ ಹಿಡಿಯಬೇಕಾದಲ್ಲಿ ಜಾರಿ ಗೇರ್ ಗಡುಸಾಗುತ್ತದೆ. ಮಾಲೀಕರ ಕೈಪಿಡಿಯಲ್ಲಿ ಏನಿದೆಯೋ ಅದೇ ಹಾಕಬೇಕು. ಕೆಳಗಿನ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಕೆಸರಿನಂಥದ್ದು ಇದ್ದರೆ ಸಹಜ. ಉಗುರಿಗೆ ಸಿಗುವ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಒಡೆದಿದೆ. ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗೇರ್ ಬಾಕ್ಸಿನ ಒಳಗನ್ನು ಕೊಳ್ಳುವವರಿಗೆ ತೋರಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಗೇರ್ ಹಾಕಿದ ಮೇಲೆ ನಿಲ್ಲುತ್ತದೆಯೇ ಎಂದೂ ನೋಡಬೇಕು. ಪ್ರತಿ ಗೇರಿನಲ್ಲೂ ಸ್ವಲ್ಪ ವೇಗ ಕೊಟ್ಟು, ಆಕ್ಸಿಲರೇಟರಿನಿಂದ ತಟ್ಟನೆ ಕಾಲು ತೆಗೆದಾಗ ಲಿವರ್ ನ್ಯೂಟ್ರಲ್ಲಿಗೆ ಹಾರಿದರೆ ಅದು ಒಳಗಿನ ಸವೆತ. ಇಷ್ಟೆಲ್ಲ ನೋಡುವಾಗ ಪೆಡಲ್ಲಿನ ಹಿಂದೆ ಕೈಯಾಡಿಸಿ. ಹೈಡ್ರಾಲಿಕ್ ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ ಸೋರಿದರೆ ಅಲ್ಲಿ ಒದ್ದೆಯಾಗಿರುತ್ತದೆ. ಹಲವು ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಬ್ರೇಕಿನದನ್ನು ಬದಲಿಸಿ ಕ್ಲಚ್ಚಿನ ಪೈಪಿನಲ್ಲಿ ಹಳೆಯ ಕಪ್ಪು ಆಯಿಲನ್ನೇ ಉಳಿಸುವುದು ವರ್ಕ್‌ಶಾಪುಗಳಲ್ಲಿ ಆಗಾಗ ಆಗುವ ಮರೆವು.

ಎಂಜಿನ್ನಿನ ಆರೋಗ್ಯಕ್ಕೆ ಸಾಕ್ಷಿ

'ಎಂಜಿನ್ ಸೂಪರ್ ಕಂಡೀಶನ್' ಎಂಬ ಸಾಲು ಎಲ್ಲ ಜಾಹೀರಾತುಗಳಲ್ಲೂ ಇರುತ್ತದೆ, ಹಾಗಾಗಿ ಅದಕ್ಕೆ ಬೆಲೆಯಿಲ್ಲ. ಸಿಲಿಂಡರಿನೊಳಗೆ ಏರುವ ಒತ್ತಡವನ್ನು ಅಳೆಯುವ ಕಂಪ್ರೆಶನ್ ಪರೀಕ್ಷೆಯ ನಾಲ್ಕು ಸಂಖ್ಯೆಗಳಿಗೆ, ಸಿಲಿಂಡರಿಗೆ ಒಂದರಂತೆ, ಬೆಲೆಯಿದೆ. ಪೆಟ್ರೋಲ್ ಎಂಜಿನ್ನನ್ನು ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಂಧನ ಮತ್ತು ಕಿಡಿ ಎರಡನ್ನೂ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ತಿರುಗಿಸಿ ಗೇಜ್ ಓದಬೇಕು. ಸಾಧಾರಣ ಪೆಟ್ರೋಲ್ ಎಂಜಿನ್ನಿನಲ್ಲಿ 10ರಿಂದ 13 ಬಾರ್ ಬರುತ್ತದೆ. ಒಟ್ಟು ಎಷ್ಟು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಶೇ. 10ರೊಳಗೆ ಇದ್ದರೆ ಎದೆ ತಟ್ಟಿ ಹೇಳಬಹುದು. ಒಂದು ಸಿಲಿಂಡರ್ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಓದಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಡೀಸೆಲ್ಲಿಗೆ ಗೇಜ್ ಬೇರೆ, ಒತ್ತಡವೂ ಎರಡು ಪಟ್ಟಿಗಿಂತ ಹೆಚ್ಚು. ಅದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಅಳತೆಯನ್ನು ಅವರ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಸಾಕ್ಷಿ, ಬಳಸಿದ ಎಂಜಿನ್ ಆಯಿಲಿನ ಲ್ಯಾಬ್ ಪರೀಕ್ಷೆ. ಆಯಿಲ್ ಬದಲಿಸುವಾಗ, ಹರಿವಿನ ಮಧ್ಯದಲ್ಲಿ, ಶುಭ್ರವಾದ ಬಾಟಲಿಗೆ ಸುಮಾರು 100 ಮಿಲಿ ಹಿಡಿದು ಕಳಿಸಿದರೆ ಅದರಲ್ಲಿರುವ ಲೋಹಗಳ ಪ್ರಮಾಣ ಬರೆದು ಕೊಡುತ್ತಾರೆ. ಕಬ್ಬಿಣ ಸಿಲಿಂಡರ್ ಗೋಡೆ ಮತ್ತು ಶಾಫ್ಟುಗಳಿಂದ, ಸೀಸ ಮತ್ತು ತಾಮ್ರ ಬೇರಿಂಗುಗಳಿಂದ, ಅಲ್ಯುಮಿನಿಯಂ ಪಿಸ್ಟನ್ನಿನಿಂದ ಬರುತ್ತವೆ. ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಎಂಜಿನ್ನನ್ನು ತಣಿಸುವ ಕೂಲಂಟ್ ಆಯಿಲಿಗೆ ಸೇರುತ್ತಿರುವ ಸಂಶಯ. ಒಂದೇ ವರದಿಗಿಂತ ವರ್ಷಕ್ಕೊಂದರಂತೆ ಮೂರು ವರದಿ ಇದ್ದರೆ ಅದರ ತೂಕವೇ ಬೇರೆ. ಮಾರುವ ಯೋಚನೆ ಮುಂದಿನ ವರ್ಷಕ್ಕೆ ಇರುವವರು ಈಗಲೇ ಶುರುಮಾಡಬಹುದು.

ಟೈಮಿಂಗ್ ಬೆಲ್ಟ್ ಎಂದರೆ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ತಾಳೆಯಲ್ಲಿಡುವ ರಬ್ಬರ್ ಪಟ್ಟಿ. ಅದು ಇರುವ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಬಹುಪಾಲು ಗಾಡಿಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಅಲ್ಲಿಗೆ ಹಳೆಯ ಗಾಡಿಯ ಕಥೆ ಮುಗಿಯಿತು. ಬೆಲ್ಟಿಗೆ ಕಿಲೋಮೀಟರ್ ಅವಧಿಯ ಜೊತೆಗೆ ವರ್ಷದ ಅವಧಿಯೂ ಉಂಟು. ರಬ್ಬರ್ ನಿಂತಲ್ಲೇ ಹಳತಾಗುತ್ತದೆ. ಬಿಲ್ಲಿನಲ್ಲಿ ಬೆಲ್ಟ್ ಮಾತ್ರವಿದ್ದು ಅದನ್ನು ಬಿಗಿಯಾಗಿಡುವ ಟೆನ್ಶನರ್, ದಾರಿಯಲ್ಲಿಡುವ ಐಡ್ಲರ್, ವಾಟರ್ ಪಂಪ್ ಇಲ್ಲದಿದ್ದರೆ ಅರ್ಧ ಕೆಲಸ ಎಂದೇ ಲೆಕ್ಕ. ಬೆಲ್ಟಿನ ಅವಧಿ ಮುಗಿಯಲು 10,000 ಕಿಲೋಮೀಟರ್ ಉಳಿದಿರುವಾಗ ಗಾಡಿ ಮಾರಲು ಹೋದರೆ ಪ್ರತಿಯೊಬ್ಬರೂ ಆ ಖರ್ಚಿನ ಎರಡರಷ್ಟನ್ನು ಕಳೆದು ಬೆಲೆ ಕೇಳುತ್ತಾರೆ, ಯಾಕೆಂದರೆ ಗೊತ್ತಿಲ್ಲದ ಖರ್ಚನ್ನು ಎಲ್ಲರೂ ದೊಡ್ಡದಾಗಿಯೇ ಊಹಿಸುತ್ತಾರೆ. ಬೆಲ್ಟಿನ ಬದಲು ಚೈನ್ ಇರುವ ಎಂಜಿನ್ ಆದರೆ ಬೆಳಗ್ಗೆ ಎಬ್ಬಿಸಿದ ಮೊದಲ ಕೆಲವು ಸೆಕೆಂಡ್ ಗಮನವಿಟ್ಟು ಕೇಳಿ. ಸರಪಳಿ ಸಡಿಲವಾಗಿದ್ದರೆ ಆಯಿಲ್ ಒತ್ತಡ ಏರುವ ತನಕ ಅದು ಗಲಗಲಿಸುತ್ತದೆ.

ಹಿಂಭಾಗದ ವಿಚಾರ

ಸೆಡಾನ್ ಮಾರುವವರಿಗೆ ಇಲ್ಲದ ಒಂದಿಷ್ಟು ಕೆಲಸ ವ್ಯಾಗನ್ ಮಾರುವವರಿಗೆ ಇದೆ. ಜನ ಈ ಗಾಡಿ ಕೊಳ್ಳುವುದೇ ಹಿಂಭಾಗಕ್ಕಾಗಿ, ಮತ್ತು ಗಾಡಿ ಸೋಲುವುದೂ ಅಲ್ಲಿಯೇ. ಹಿಂಬಾಗಿಲು ಮೇಲಕ್ಕೆ ತೆರೆಯುವ ಕೀಲಿನ ಬಳಿ ರಬ್ಬರ್ ತೋಳಿನೊಳಗೆ ಒಂದು ಕಟ್ಟು ವೈರ್ ಹಾದುಹೋಗುತ್ತದೆ. ಸಾವಿರಾರು ಸಲ ಬಾಗಿ ಬಾಗಿ ಅಲ್ಲಿನ ಹೊದಿಕೆ ಸೀಳುತ್ತದೆ, ತಾಮ್ರದ ಎಳೆ ತುಂಡಾಗುತ್ತದೆ. ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ: ನಂಬರ್ ಪ್ಲೇಟಿನ ದೀಪ ಆಗಾಗ ಆರುವುದು, ಹಿಂದಿನ ವೈಪರ್ ನಿಲ್ಲುವುದು, ಸೆಂಟ್ರಲ್ ಲಾಕ್ ಹಿಂಬಾಗಿಲಿಗೆ ಮಾತ್ರ ಕೆಲಸ ಮಾಡದಿರುವುದು, ಫ್ಯೂಸ್ ಮತ್ತೆ ಮತ್ತೆ ಹೋಗುವುದು. ರಬ್ಬರ್ ತೋಳನ್ನು ಎಳೆದು ನೋಡಿದರೆ ಗೊತ್ತಾಗುತ್ತದೆ. ಒಂದೊಂದೇ ವೈರಿಗೆ ಮೆತ್ತಗೆ ಬಾಗುವ, ಸಿಲಿಕೋನ್ ಹೊದಿಕೆಯ ವೈರ್ ಬೆಸೆದು, ಬೆಸುಗೆಯನ್ನು ಬಾಗುವ ಜಾಗದಿಂದ ಆಚೆಗಿಟ್ಟು, ಮೇಲೆ ಬಿಸಿಗೆ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿದರೆ ಬಹುಕಾಲ ಬಾಳುತ್ತದೆ. ಬೆಸುಗೆ ಬಾಗುವ ಜಾಗದಲ್ಲೇ ಬಂದರೆ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ.

ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ಪೈಪ್ ಇಡೀ ಗಾಡಿಯ ಉದ್ದಕ್ಕೂ ಚಾವಣಿಯೊಳಗೆ ಹಾದು ಬಂದಿರುತ್ತದೆ. ಎಲ್ಲೋ ಒಂದು ಜೋಡಣೆ ಬಿಟ್ಟುಕೊಂಡರೆ ಸೋಪಿನ ನೀರು ಪಕ್ಕದ ಪ್ಯಾನೆಲ್ಲಿನೊಳಗೆ, ಸ್ಟೆಪ್ನಿ ಗುಂಡಿಯೊಳಗೆ ಇಳಿಯುತ್ತದೆ. ದೀಪಗಳ ಗ್ಯಾಸ್ಕೆಟ್, ರೂಫ್ ರೈಲಿನ ಬುಡ, ಹಿಂಬಾಗಿಲ ಸುತ್ತಲಿನ ರಬ್ಬರ್ ಕೂಡ ನೀರು ಬಿಡುವ ಜಾಗಗಳು. ಸ್ಟೆಪ್ನಿ ಎತ್ತಿ ಗುಂಡಿಯನ್ನು ಒಣಗಿಸಿ, ಅಡಿಯಲ್ಲಿ ಕಾಗದ ಹಾಸಿ, ಮೇಲಿಂದ ನೀರು ಹಾಯಿಸಿದರೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಹಿಂಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಎರಡೂ ಒಟ್ಟಿಗೆ ಬದಲಾಗಬೇಕು. ಬಿಸಿಲಲ್ಲಿ ನಿಲ್ಲುವ ಬಾಗಿಲು ಚಳಿಯಲ್ಲಿ ತಲೆಯ ಮೇಲೆ ಬೀಳುವುದು ಒಳಗಿನ ಅನಿಲದ ಒತ್ತಡ ಇಳಿಯುವುದರಿಂದ.

ಭಾರ ಹೊತ್ತ ವ್ಯಾಗನ್ನಿನ ಹಿಂದಿನ ಸ್ಪ್ರಿಂಗ್, ಬುಷ್, ಶಾಕ್ ಅಬ್ಸಾರ್ಬರುಗಳನ್ನು ಕೊಳ್ಳುವವರ ಮೆಕ್ಯಾನಿಕ್ ಖಂಡಿತ ನೋಡುತ್ತಾನೆ. ಕೆಲವು ವೋಲ್ವೊ ವ್ಯಾಗನ್‌ಗಳಲ್ಲಿ ನಿವೊಮ್ಯಾಟ್ ಎಂಬ ಶಾಕ್ ಇದೆ, ಭಾರ ಬಿದ್ದ ಗಾಡಿಯ ಕುಲುಕಾಟದಿಂದಲೇ ಒತ್ತಡ ಏರಿಸಿಕೊಂಡು ಹಿಂಭಾಗವನ್ನು ಮಟ್ಟಕ್ಕೆ ತರುವಂಥದ್ದು. ಅದನ್ನು ತೆಗೆದು ಸಾಮಾನ್ಯ ಶಾಕ್ ಹಾಕುವವರು ಸ್ಪ್ರಿಂಗನ್ನೂ ಬದಲಿಸಬೇಕು, ಯಾಕೆಂದರೆ ಭಾರದ ಒಂದು ಪಾಲನ್ನು ಆ ಶಾಕೇ ಹೊರುವಂತೆ ಮೂಲ ಸ್ಪ್ರಿಂಗನ್ನು ಮೃದುವಾಗಿ ಮಾಡಿರುತ್ತಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವ್ಯಾಗನ್ ಆದರೆ ಟೈರುಗಳ ವಿಷಯದಲ್ಲಿ ಎಚ್ಚರ ಬೇಕು. ನಾಲ್ಕರಲ್ಲಿ ಎರಡನ್ನು ಮಾತ್ರ ಹೊಸದು ಮಾಡಿ ಮಾರಾಟಕ್ಕಿಟ್ಟರೆ ಸುತ್ತಳತೆಯ ವ್ಯತ್ಯಾಸದಿಂದ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಶಿಯಲ್ ನಿರಂತರ ಎಳೆದಾಟಕ್ಕೆ ಸಿಕ್ಕಿ ಬಿಸಿಯಾಗುತ್ತದೆ.

ಲೋಡ್ ಕವರ್, ಸರಕು ಮುಂದೆ ನುಗ್ಗದಂತೆ ತಡೆಯುವ ಬಲೆ, ರೂಫ್ ಬಾರ್ ಇವೆಲ್ಲ ಅಟ್ಟದಿಂದ ಕೆಳಗೆ ಬರಲಿ. ಹಳೆಯ ಮಾದರಿಗೆ ಇವು ಬಿಡಿಯಾಗಿ ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ.

ಏನು ಸರಿಮಾಡಿಸಬೇಕು, ಏನು ಬಿಡಬೇಕು

ಮೀಟರಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಕಾರಣ ಹುಡುಕಿ ಸರಿಮಾಡಿಸಿ. ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿ ದೀಪ ಆರಿಸುವುದು ಮೋಸ ಮಾತ್ರವಲ್ಲ, ಸಿಕ್ಕಿಬೀಳುವ ಮೋಸ. ಕೋಡ್ ಅಳಿಸಿದಾಗ ಗಾಡಿಯ ಸ್ವಯಂಪರೀಕ್ಷೆಗಳ ದಾಖಲೆಯೂ ಅಳಿಯುತ್ತದೆ; ಅವು ಮತ್ತೆ ಪೂರ್ತಿಯಾಗಲು ತಣ್ಣನೆಯ ಸ್ಟಾರ್ಟ್, ಊರೊಳಗಿನ ಓಟ, ಹೆದ್ದಾರಿಯ ಓಟ ಎಲ್ಲ ಸೇರಿ ಕೆಲವು ದಿನ ಹಿಡಿಯುತ್ತದೆ. ಕೊಳ್ಳುವವರ ಸ್ಕ್ಯಾನರಿನಲ್ಲಿ 'ಅಪೂರ್ಣ' ಎಂದು ಕಂಡರೆ ನಿನ್ನೆ ಮೊನ್ನೆ ಅಳಿಸಿದ್ದು ಎಂದು ಅರ್ಥ. ಪ್ರಾಮಾಣಿಕವಾಗಿ ರಿಪೇರಿ ಮಾಡಿಸಿದವರೂ ಕೆಲವು ದಿನ ಗಾಡಿ ಓಡಿಸಿಯೇ ಜನರನ್ನು ಕರೆಯುವುದು ಒಳ್ಳೆಯದು.

ಸ್ಟೆಬಿಲೈಜರ್ ಲಿಂಕ್, ಬಾಲ್ ಜಾಯಿಂಟಿನ ಹರಿದ ರಬ್ಬರ್, ಕೊನೆಗೆ ಬಂದ ಬ್ರೇಕ್ ಪ್ಯಾಡ್, ಸುಟ್ಟ ಬಲ್ಬ್ ಇಂಥವನ್ನು ಮಾಡಿಸಿಬಿಡಿ. ಖರ್ಚು ಸಣ್ಣದು, ಆದರೆ ಓಡಿಸಿ ನೋಡುವಾಗ ಬರುವ ಒಂದು ಕಟಕಟ ಶಬ್ದ ಕೊಳ್ಳುವವರ ಮನಸ್ಸಿನಲ್ಲಿ ಇಡೀ ಗಾಡಿಯ ಮೇಲೆ ಸಂಶಯ ಹುಟ್ಟಿಸುತ್ತದೆ. ಪೂರ್ತಿ ಬಣ್ಣ ಹೊಡೆಸಬೇಡಿ. ಹಳೆಯ ಗಾಡಿಗೆ ಹೊಸ ಬಣ್ಣ ಕಂಡರೆ ಅದರಡಿ ಏನು ಮುಚ್ಚಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ. ಎಂಜಿನ್ನಿಗೆ ಜೋರು ನೀರು ಹೊಡೆಸಿ ಹೊಳೆಯಿಸುವುದೂ ಬೇಡ. ಇಗ್ನಿಶನ್ ಕಾಯಿಲ್‌ಗಳಿಗೆ ನೀರು ನುಗ್ಗಿದರೆ ಇಲ್ಲದ ತೊಂದರೆ ಬರುತ್ತದೆ, ಮತ್ತು ತಿಳಿದವರಿಗೆ ಒಣ ಧೂಳು ಕೂತ ಎಂಜಿನ್ ಹೆಚ್ಚು ಭರವಸೆ ಕೊಡುತ್ತದೆ. ಸೋರಿಕೆ ಇಲ್ಲ ಎನ್ನುವುದನ್ನು ಆ ಧೂಳೇ ಹೇಳುತ್ತದೆ.

ಒಂದು ಪುಟದ ಪಟ್ಟಿ

ಬಿಲ್ಲುಗಳ ದಪ್ಪ ಕಡತವನ್ನು ಮುಂದಿಟ್ಟರೆ ಯಾರೂ ಓದುವುದಿಲ್ಲ. ಅದರ ಮೇಲೆ ಒಂದೇ ಪುಟ ಬೇಕು. ಮೊದಲ ಭಾಗದಲ್ಲಿ ದೊಡ್ಡ ಕೆಲಸಗಳು, ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಭಾಗ: 'ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್ 2,62,000ಕ್ಕೆ, ಮುಂದಿನದು 3,62,000ಕ್ಕೆ' ಎಂಬಂತೆ. ಎರಡನೇ ಭಾಗದಲ್ಲಿ ಮುಂದಿನ ಒಂದೆರಡು ವರ್ಷದಲ್ಲಿ ಬರಲಿರುವ ಖರ್ಚು. ಮೂರನೆಯದರಲ್ಲಿ ಗಾಡಿಯಲ್ಲಿ ಈಗ ಇರುವ ದೋಷಗಳು, ಸಣ್ಣದಿರಲಿ ದೊಡ್ಡದಿರಲಿ. ಈ ಮೂರನೇ ಭಾಗ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಮೊದಲ ಭಾಗವನ್ನು ನಂಬಿಸುವುದು ಅದೇ. 'ಹಿಂದಿನ ಎಡ ವೀಲ್ ಬೇರಿಂಗ್ ಗಂಟೆಗೆ 80ರ ಮೇಲೆ ಸಣ್ಣಗೆ ಗುಂಯ್‌ಗುಡುತ್ತದೆ, ಆರು ತಿಂಗಳೊಳಗೆ ಬದಲಿಸಬೇಕಾಗಬಹುದು' ಎಂದು ಬರೆದವರು ಕ್ಲಚ್ ಚೆನ್ನಾಗಿದೆ ಎಂದರೆ ಅದು ನಿಜವಾಗಿ ಕೇಳಿಸುತ್ತದೆ.

ಜಾಹೀರಾತು ಇದೇ ಪುಟದಿಂದ ಹುಟ್ಟಬೇಕು. ಮೊದಲ ಸಾಲಿನಲ್ಲೇ ವರ್ಷ, ಮಾದರಿ, ಎಂಜಿನ್, ಗೇರ್‌ಗಳ ಸಂಖ್ಯೆ ಸಹಿತ ಮ್ಯಾನ್ಯುಯಲ್, ಮತ್ತು ಕಿಲೋಮೀಟರ್. ಸಂಖ್ಯೆಯನ್ನು ಕೆಳಗೆಲ್ಲೋ ಬಚ್ಚಿಟ್ಟರೆ ಅದು ಸಿಕ್ಕಿದಾಗ ಓದುವವರು ಎದ್ದು ಹೋಗುತ್ತಾರೆ. ವ್ಯಾಗನ್ನಿಗೆ ಕಂಪನಿಗೊಂದು ಹೆಸರಿದೆ: ಎಸ್ಟೇಟ್, ಕೋಂಬಿ, ಟೂರಿಂಗ್, ಅವಾಂಟ್, ವೇರಿಯಂಟ್. ಹುಡುಕುವವರು ಯಾವ ಪದ ಬರೆಯುತ್ತಾರೋ ತಿಳಿಯದು, ಹೊಂದುವ ಎಲ್ಲವನ್ನೂ ಸೇರಿಸಿ. ಸೀಟ್ ಮಡಚಿದಾಗ ಮುಂಸೀಟಿನ ಬೆನ್ನಿನಿಂದ ಹಿಂಬಾಗಿಲಿನ ತನಕದ ಉದ್ದ, ಚಕ್ರದ ಗೂಡುಗಳ ನಡುವಿನ ಅಗಲ, ಬಾಗಿಲ ಬಾಯಿಯ ಎತ್ತರ, ಈ ಮೂರನ್ನು ಟೇಪಿನಿಂದ ಅಳೆದು ಸೆಂಟಿಮೀಟರಿನಲ್ಲಿ ಬರೆಯಿರಿ. ಸೈಕಲ್ ಹಿಡಿಯುತ್ತದೆಯೇ, ಹಾಸಿಗೆ ಹಿಡಿಯುತ್ತದೆಯೇ ಎಂದು ಕೇಳುವ ಕರೆಗಳು ಅಲ್ಲಿಗೆ ನಿಲ್ಲುತ್ತವೆ.

ಫೋಟೊ ಮೋಡದ ದಿನ ತೆಗೆಯಿರಿ, ನೇರ ಬಿಸಿಲು ತಗ್ಗು, ಗೀರುಗಳನ್ನು ಅಡಗಿಸುತ್ತದೆ. ಸುತ್ತಲಿನ ಎಂಟು ಕೋನಗಳ ಜೊತೆಗೆ ಗಾಡಿಯ ತಳ, ಜಾಕಿ ಕೊಡುವ ಜಾಗ, ಮಡ್‌ಗಾರ್ಡಿನ ಒಳ ಅಂಚು, ಹಿಂಬಾಗಿಲ ಕೆಳ ಅಂಚು, ಸ್ಟೆಪ್ನಿ ಗುಂಡಿ, ಮೂರು ಪೆಡಲ್‌ಗಳ ರಬ್ಬರ್, ಗೇರ್ ನಾಬ್, ಡ್ರೈವರ್ ಸೀಟಿನ ಅಂಚು ಇರಲಿ. ಟೈರಿನ ಮೇಲಿನ ನಾಲ್ಕಂಕಿಯೂ ಓದುವಂತಿರಲಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ತುಕ್ಕು ಇದ್ದಲ್ಲಿ ಪಕ್ಕದಲ್ಲಿ ನಾಣ್ಯ ಇಟ್ಟು ಹತ್ತಿರದಿಂದ ತೆಗೆಯಿರಿ. ಬೆಳಗಿನ ತಣ್ಣನೆಯ ಸ್ಟಾರ್ಟಿನ ಒಂದು ನಿಮಿಷದ ವೀಡಿಯೊ, ಎಲ್ಲೂ ಕತ್ತರಿಸದೆ, ಸೈಲೆನ್ಸರ್ ಕಾಣುವಂತೆ.

ಬೆಲೆ

ಡೀಲರುಗಳು ಬೆಲೆ ಕಟ್ಟುವ ಪಟ್ಟಿಗಳು ಹೆಚ್ಚು ಕಿಲೋಮೀಟರಿಗೆ ಕಣ್ಣುಮುಚ್ಚಿ ಕಳೆಯುತ್ತವೆ. ಬಿಲ್ಲಿನ ಕಡತಕ್ಕೆ ಅಲ್ಲಿ ಅಂಕಣವೇ ಇಲ್ಲ. ಆದ್ದರಿಂದ ಇಂಥ ಗಾಡಿಯನ್ನು ನೇರವಾಗಿ ಬಳಸುವವರಿಗೇ ಮಾರಬೇಕು ಎನ್ನುವುದು ನನ್ನ ದೃಢ ಅಭಿಪ್ರಾಯ. ಬೆಲೆ ಕಟ್ಟುವಾಗ ಈವರೆಗೆ ಸುರಿದ ಹಣವನ್ನು ಕೂಡಿಸಲು ಹೋಗಬೇಡಿ. ಕ್ಲಚ್ಚಿಗೆ ಕೊಟ್ಟ ಹಣ ಕೊಟ್ಟಂತೆಯೇ ವಾಪಸು ಬರುವುದಿಲ್ಲ. ಕೊಳ್ಳುವವರು ಕಳೆಯಬಹುದಾಗಿದ್ದ ಮೊತ್ತ ಉಳಿಯುತ್ತದೆ, ಅಷ್ಟೇ. ಅದೇ ಮಾದರಿಯ, ಅದೇ ಗೇರಿನ ನಾಲ್ಕೈದು ಗಾಡಿಗಳ ಕೇಳುವ ಬೆಲೆ ನೋಡಿ, ಪ್ರತಿಯೊಂದಕ್ಕೂ ಬೆಲ್ಟ್, ಕ್ಲಚ್, ಟೈರ್, ಶಾಕ್ ಎಂದು ಬರಲಿರುವ ಖರ್ಚನ್ನು ಕೂಡಿಸಿ. ಆಗ ಅರ್ಧ ಓಡಿದ, ದಾಖಲೆಯಿಲ್ಲದ ಗಾಡಿಯ ನಿಜವಾದ ಬೆಲೆ ನಿಮ್ಮದಕ್ಕಿಂತ ಮೇಲೆ ನಿಲ್ಲುವುದು ಅಪರೂಪವೇನಲ್ಲ. ಆ ಲೆಕ್ಕದ ಕಾಗದವನ್ನೇ ಚೌಕಾಸಿಗೆ ಬಂದವರ ಮುಂದಿಡಿ. ಅವರು ಹೊಸ ದೋಷ ತೋರಿಸಿದರೆ ಅದರ ಖರ್ಚು ಕಳೆಯಿರಿ. ನಿಮ್ಮ ಪಟ್ಟಿಯಲ್ಲಿ ಆಗಲೇ ಇರುವುದಕ್ಕೆ ಎರಡನೇ ಸಲ ಕಳೆಯಬೇಕಿಲ್ಲ. ಇಂಥ ಗಾಡಿ ಒಂದು ವಾರದಲ್ಲಿ ಹೋಗುವುದಿಲ್ಲ, ಕಾಯಬೇಕು. ಎರಡು ಮೂರು ತಿಂಗಳು ಕಾಯಲು ಸಿದ್ಧರಿಲ್ಲದವರು ಮೊದಲೇ ಕಡಿಮೆ ಬೆಲೆ ಬರೆಯುವುದು ಮೇಲು.

ನೋಡಲು ಬಂದ ಬೆಳಗು

ತಿಳಿದ ಗಿರಾಕಿ ಬರುವುದು ಹೀಗೆ: ಕುಶಲ ಕೇಳುತ್ತಲೇ ಅಂಗೈಯನ್ನು ಬಾನೆಟ್ಟಿನ ಮೇಲಿಡುತ್ತಾರೆ. ಬೆಚ್ಚಗಿದ್ದರೆ ಮುಖ ಬದಲಾಗುತ್ತದೆ. ಆದ್ದರಿಂದ ಅವರು ಬರುವ ಮುಂಚೆ ಎಂಜಿನ್ ಎಬ್ಬಿಸಲೇಬೇಡಿ, ಕೀಲಿ ಅವರ ಕೈಗೇ ಕೊಡಿ. ಎಂಜಿನ್ ಎದ್ದ ಕ್ಷಣ ಅವರ ಕಣ್ಣು ಸೈಲೆನ್ಸರಿನ ಕಡೆ. ಮೊದಲ ಉಸಿರಿಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಏರು ಹತ್ತುವಾಗ ನೀಲಿ ಬಂದರೆ ರಿಂಗ್, ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್. ಚಳಿಯಲ್ಲಿ ಬರುವ ತೆಳ್ಳನೆಯ ಬಿಳಿ ಹಬೆ ಏನೂ ಅಲ್ಲ ಎಂದು ಗೊತ್ತಿಲ್ಲದವರಿಗೆ ತಾಳ್ಮೆಯಿಂದ ಹೇಳಿ. ಆಮೇಲೆ ಅವರು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗುತ್ತಾರೆ. ಮಲಗಲು ಒಂದು ಚಾಪೆ ಕೊಡಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆಯ ಕಲೆ, ಡ್ರೈವ್ ಶಾಫ್ಟಿನ ರಬ್ಬರ್, ಬ್ರೇಕ್ ಪೈಪಿನ ತುಕ್ಕು ನೋಡುತ್ತಾರೆ. ಆ ಹೊತ್ತಿನಲ್ಲಿ ಮಾತಾಡಿ ಗಮನ ಕೆಡಿಸಬೇಡಿ. ಕೇಳಿದ್ದಕ್ಕೆ ಉತ್ತರ ಸಾಕು. ಅವರದೇ ಮೆಕ್ಯಾನಿಕ್ ಹತ್ತಿರ ಒಯ್ದು ಲಿಫ್ಟಿನ ಮೇಲೆ ಏರಿಸಬೇಕೆಂದರೆ ಸಂತೋಷದಿಂದ ಒಪ್ಪಿ, ಜೊತೆಗೆ ಹೋಗಿ.

ಓಡಿಸಲು ಕೊಡುವ ಮುಂಚೆ ಲೈಸೆನ್ಸ್ ನೋಡಿ, ಮ್ಯಾನ್ಯುಯಲ್ ಓಡಿಸಿ ಅಭ್ಯಾಸವಿದೆಯೇ ಎಂದು ಕೇಳಿ, ಇನ್ಶೂರೆನ್ಸ್ ಅವರಿಗೂ ಅನ್ವಯಿಸುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಪಕ್ಕದಲ್ಲಿ ನೀವು ಕೂತಿರಬೇಕು. ದಾರಿಯನ್ನು ನೀವೇ ಆರಿಸಿ: ನಿಧಾನದ ರಸ್ತೆ, ಒಂದು ಏರು, ಹೆದ್ದಾರಿಯ ಹತ್ತು ನಿಮಿಷ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕಿನಿಂದ ಎತ್ತಿದರೆ ಕ್ಲಚ್ ಮತ್ತು ಹ್ಯಾಂಡ್ ಬ್ರೇಕ್ ಎರಡೂ ಒಟ್ಟಿಗೆ ಸಾಬೀತಾಗುತ್ತವೆ.

ವ್ಯವಹಾರ ಕುದುರಿದ ಮೇಲೆ ಹಣ ನಿಮ್ಮ ಖಾತೆಗೆ ಬಂದದ್ದನ್ನು ನೀವೇ ಬ್ಯಾಂಕಿನಲ್ಲಿ ನೋಡಿ, ಫೋನಿನಲ್ಲಿ ತೋರಿಸಿದ ಚಿತ್ರವನ್ನು ನಂಬಬೇಡಿ. ಮಾರಾಟದ ಪತ್ರದಲ್ಲಿ ದಿನಾಂಕದ ಜೊತೆ ಗಂಟೆ ಮತ್ತು ಮೀಟರಿನ ಸಂಖ್ಯೆ ಬರೆದು ಇಬ್ಬರೂ ಸಹಿ ಹಾಕಿ, ಒಡೆತನ ಬದಲಾದ ವಿಷಯವನ್ನು ಸಾರಿಗೆ ಇಲಾಖೆಗೆ ನೀವೇ ತಿಳಿಸಿ. ಇಲ್ಲದಿದ್ದರೆ ಆಮೇಲಿನ ದಂಡದ ಚೀಟಿ ನಿಮ್ಮ ಮನೆಗೇ ಬರುತ್ತದೆ. ನ್ಯಾವಿಗೇಶನ್ನಿನಲ್ಲಿರುವ ಮನೆಯ ವಿಳಾಸ, ಜೋಡಿಸಿದ ಫೋನುಗಳ ಪಟ್ಟಿ ಅಳಿಸಿ. ಕಡತದ ಜೊತೆಗೆ ಎರಡನೇ ಕೀಲಿ, ರೇಡಿಯೊ ಕೋಡ್, ಬಣ್ಣದ ಕೋಡ್, ಉಳಿದ ಅರ್ಧ ಲೀಟರ್ ಗೇರ್ ಆಯಿಲ್, ಕಳ್ಳರು ಬಿಚ್ಚದಂತೆ ಹಾಕಿದ ವೀಲ್ ನಟ್ಟಿನ ವಿಶೇಷ ಸಾಕೆಟ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಡಿ. ಕೊನೆಯದನ್ನು ಮರೆತರೆ ಹೊಸ ಮಾಲೀಕರು ಮೊದಲ ಪಂಕ್ಚರಿಗೇ ರಸ್ತೆ ಬದಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.